ನಿತ್ಯಕರ್ಮವೂ ಪಿ.ಟಿ. ಪೀರಿಯಡ್ಡೂ

ಒಂಬತ್ತನೇ ಕ್ಲಾಸಿನ ಹುಡುಗ, ನೋಡಲು ಕಡ್ಡಿ. ಕತ್ತಿನ ಹಿಂದೆ ಮಾತ್ರ ಮಖಮಲ್ಲಿನಂಥ ಕಪ್ಪು ಪಟ್ಟಿ. ಕೊಳೆ ಎಂದುಕೊಂಡು ಅವನಮ್ಮ ಕಡಲೆಹಿಟ್ಟು ಹಚ್ಚಿ ತಿಕ್ಕುತ್ತಿದ್ದರಂತೆ. ಮೈಸೂರಿನಲ್ಲಿ ಪಿ.ಟಿ. ಮೇಷ್ಟ್ರಾಗಿರುವ ನನಗೆ ಅಂಥ ಕತ್ತುಗಳು ಪರಿಚಿತ. ಇನ್ಸುಲಿನ್ ಇದ್ದೂ ಮೈ ಅದಕ್ಕೆ ಬಗ್ಗುತ್ತಿಲ್ಲ ಎಂಬುದರ ಗುರುತು ಅದಾಗಿರಬಹುದು. ಡಾಕ್ಟರಿಗೆ ತೋರಿಸಿ ಎಂದೆ. "ಮೈಮೇಲೆ ಮಾಂಸವೇ ಇಲ್ಲ ಸಾರ್, ಇವನಿಗ್ಯಾಕೆ?" ಎಂದರು.

ಈ 'ಯಾಕೆ'ಗೆ ನಮ್ಮೂರಲ್ಲೇ ಉತ್ತರ ಹುಡುಕಿದ್ದಾರೆ. ಮಿಷನ್ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರಿಂದ ಶುರುವಾದ ಅಧ್ಯಯನವೊಂದಿದೆ. ಬಸುರಿನಲ್ಲಿ ಸಕ್ಕರೆ ಕಾಯಿಲೆ ಬಂದಿದ್ದ ತಾಯಂದಿರ ಮಕ್ಕಳಲ್ಲಿ ಒಂಬತ್ತೂವರೆ ವರ್ಷಕ್ಕೇ ಕೊಬ್ಬೂ ಇನ್ಸುಲಿನ್ ಪ್ರತಿರೋಧವೂ ಹೆಚ್ಚಿದ್ದವು. ತೆಳ್ಳಗಿನ ಮೈಯಲ್ಲೂ ಕೊಬ್ಬು ಅಡಗಿರಬಹುದು ಎಂದು ತೋರಿಸಲು ಪುಣೆಯ ಡಾ. ಯಾಜ್ಞಿಕ್ 2004ರಲ್ಲಿ ವೈದ್ಯಕೀಯ ಪತ್ರಿಕೆ ಲಾನ್ಸೆಟ್‌ನಲ್ಲಿ ಬ್ರಿಟನ್ನಿನ ವೈದ್ಯ ಯುಡ್ಕಿನ್ ಜೊತೆಗಿನ ತಮ್ಮ ಫೋಟೋವನ್ನೇ ಪ್ರಕಟಿಸಿದರು. ಎತ್ತರಕ್ಕೆ ತೂಕದ ಲೆಕ್ಕವಾದ ಬಿಎಂಐ ಇಬ್ಬರದೂ 22.3. ಮೈಯ ಕೊಬ್ಬು ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2!

ಹಾಗಾದರೆ ಪ್ರಾರಬ್ಧವೇ? ನಾನು ಒಪ್ಪುವುದಿಲ್ಲ. ಪ್ರಾರಬ್ಧವೆಂದರೆ ತಾನು ಮಾಡಿದ್ದನ್ನು ತಾನು ಉಣ್ಣುವುದು. ಈ ಹುಡುಗ ಏನು ಮಾಡಿದ್ದ? ಅವನಮ್ಮನಾದರೂ ಏನು ಮಾಡಿದ್ದರು?

ಪುರುಷಪ್ರಯತ್ನಕ್ಕೆ ಇಲ್ಲಿ ಜಾಗವಿದೆ, ಆದರೆ ವಿಚಿತ್ರವಾದ ಜಾಗ. ಓಡುವಾಗ ಸ್ನಾಯು ಇನ್ಸುಲಿನ್ನಿಗೆ ಕಾಯದೆ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಆಮೇಲೂ ಒಂದೆರಡು ದಿನ ಮೈ ಇನ್ಸುಲಿನ್ನಿಗೆ ಚೆನ್ನಾಗಿ ಸ್ಪಂದಿಸುತ್ತದೆ. ಅಷ್ಟೇ, ಮತ್ತೆ ಓಡಬೇಕು. ವೈದಿಕರಾಗಿದ್ದ ನಮ್ಮ ದೊಡ್ಡಪ್ಪ ಸಂಧ್ಯಾವಂದನೆಯ ಬಗ್ಗೆ ಇದನ್ನೇ ಹೇಳುತ್ತಿದ್ದರು: ಮಾಡಿದರೆ ವಿಶೇಷ ಪುಣ್ಯವೇನಿಲ್ಲ, ಬಿಟ್ಟರೆ ಪ್ರತ್ಯವಾಯ ದೋಷ. ನಿನ್ನೆಯದು ಇವತ್ತಿಗೆ ಆಗಿಬರುವುದಿಲ್ಲ. ವ್ಯಾಯಾಮವೂ ಇಂಥ ನಿತ್ಯಕರ್ಮ. ನಾವು ಅದನ್ನು ಫಲ ಬಯಸಿ ಮಾಡುವ ಕಾಮ್ಯಕರ್ಮ ಮಾಡಿಬಿಟ್ಟಿದ್ದೇವೆ. ತಾಲ್ಲೂಕು ಮಟ್ಟಕ್ಕೆ ಆಯ್ಕೆಯಾಗುವವರು ಓಡುತ್ತಾರೆ. ಮಿಕ್ಕವರು ಅವರ ಬ್ಯಾಗು ಕಾಯುತ್ತಾರೆ. (ಕಪ್ಪಿನ ಆಸೆ ನನಗೂ ಇದೆ ಅನ್ನಿ.)

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮಲ್ಲಿ ವಾರಕ್ಕೆ ಎರಡು ಪೀರಿಯಡ್ಡು. ದಸರಾ ರಜೆ ಮುಗಿದ ಮೇಲೆ ಒಂದು ಗಣಿತಕ್ಕೆ ಹೋಗುತ್ತದೆ. ಕರ್ಮ ಮಾಡುವ ಹೊತ್ತನ್ನೇ ಇನ್ನೊಬ್ಬರು ಕಿತ್ತುಕೊಂಡರೆ ಪ್ರತ್ಯವಾಯ ತಟ್ಟುವುದು ಯಾರಿಗೆ? ಸ್ಟಾಫ್‌ರೂಮಿನಲ್ಲಿ ಕೇಳಿದೆ. ಗಣಿತದ ಮೇಡಂ ತಲೆಯೆತ್ತದೆ, "ಪೋರ್ಷನ್ ಮುಗಿದಿಲ್ಲ ಸಾರ್," ಎಂದರು.