ರಸ ನಿಂತಲ್ಲಿಂದ ಮುಂದೆ

ಅಂಗಡಿಯಲ್ಲಿ ವರ್ಷವಿಡೀ ಸಿಗುವ ದ್ರಾಕ್ಷಿ ರಸದ ಬಾಟಲಿ ಹುಟ್ಟಿದ್ದೇ ವೈನ್ ಬೇಡವೆಂಬ ಹಠದಿಂದ. 1869ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ವೈನ್‌ಲ್ಯಾಂಡ್ ಎಂಬ ಊರಿನ ದಂತವೈದ್ಯ ಥಾಮಸ್ ವೆಲ್ಚ್ ಅವರು ಕಾಂಕರ್ಡ್ ತಳಿಯ ದ್ರಾಕ್ಷಿ ಹಿಂಡಿ, ಸೋಸಿ, ಬಾಟಲಿಗೆ ತುಂಬಿ, ಬಾಯಿ ಬಿಗಿದು ಕುದಿನೀರಿನಲ್ಲಿಟ್ಟರು. ಮೆಥಡಿಸ್ಟ್ ಪಂಥದ ಅವರಿಗೆ ಚರ್ಚಿನ ಪ್ರಭುಭೋಜನದಲ್ಲಿ ಅಮಲಿನ ವೈನ್ ಹಂಚುವುದು ಒಪ್ಪಿತವಿರಲಿಲ್ಲ. ವೈನ್ ಕೆಡುವುದು ಸೂಕ್ಷ್ಮಜೀವಿಗಳಿಂದ, ಹದವಾಗಿ ಕಾಯಿಸಿದರೆ ಕೆಡದೆ ಉಳಿಯುತ್ತದೆ ಎಂದು ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್ ತೋರಿಸಿ ಆಗಿನ್ನೂ ನಾಲ್ಕೈದು ವರ್ಷವಷ್ಟೇ ಆಗಿತ್ತು. ವೈನನ್ನು ಉಳಿಸಲು ಪಾಶ್ಚರ್ ಕಂಡುಕೊಂಡ ದಾರಿಯನ್ನು ವೆಲ್ಚ್ ರಸ ವೈನಾಗದಂತೆ ತಡೆಯಲು ಬಳಸಿದರು. ಅದಕ್ಕೆ ಅವರಿಟ್ಟ ಹೆಸರು ‘ಹುದುಗದ ವೈನ್’.

ಅದಕ್ಕೆ ಮುಂಚೆ ದ್ರಾಕ್ಷಿ ರಸವೆಂದರೆ ಸುಗ್ಗಿಯ ಕೆಲವು ದಿನಗಳ ಮಾತು. ಹಣ್ಣಿನ ಸಿಪ್ಪೆಯ ಮೇಲೆ, ಹಿಂಡುವ ಪಾತ್ರೆಯಲ್ಲಿ, ಗಾಣದ ಮರದ ಸಂದಿಯಲ್ಲಿ ಯೀಸ್ಟ್ ಇದ್ದೇ ಇರುತ್ತದೆ. ಹಿಂಡಿದ ರಸ ಒಂದೆರಡು ದಿನದಲ್ಲಿ ತಾನಾಗಿ ನೊರೆಯಾಡತೊಡಗುತ್ತದೆ. ಹಾಗಾಗಿ ಇಂದು ಅಂಗಡಿಯಿಂದ ರಸ ತಂದು ಮನೆಯಲ್ಲೇ ವೈನ್ ಅಥವಾ ಸೈಡರ್ (ಹುದುಗಿಸಿದ ಸೇಬಿನ ರಸ) ಮಾಡುವವರ ಕೆಲಸವನ್ನು ನಾನು ನೋಡುವ ಬಗೆಯೇ ಬೇರೆ. ಕಾರ್ಖಾನೆ ಮಧ್ಯದಲ್ಲಿ ನಿಲ್ಲಿಸಿದ್ದನ್ನು ಅವರು ಮುಂದುವರಿಸುತ್ತಾರೆ. ಏನು ನಿಲ್ಲಿಸಿದೆ ಎಂಬುದು ತಿಳಿದರೆ ಮುಕ್ಕಾಲು ಕೆಲಸ ತಿಳಿದಂತೆ.

ಅಮೆರಿಕದಲ್ಲಿ 1920ರಲ್ಲಿ ಪಾನನಿರೋಧ ಜಾರಿಯಾದಾಗಲೂ ಮನೆಯೊಳಗೆ ಹಣ್ಣಿನ ರಸ ಮತ್ತು ಸೈಡರ್ ಮಾಡಿಕೊಳ್ಳಲು ಕಾನೂನು ಒಂದು ಸಂದು ಬಿಟ್ಟಿತ್ತು. ಕ್ಯಾಲಿಫೋರ್ನಿಯಾದ ದ್ರಾಕ್ಷಿ ಬೆಳೆಗಾರರು ಆ ಸಂದಿಯಲ್ಲೇ ಬದುಕಿದರು. 1930ರ ಹೊತ್ತಿಗೆ ‘ವೈನ್ ಗ್ಲೋ’ ಎಂಬ ಗಟ್ಟಿ ದ್ರಾಕ್ಷಿ ರಸ ಪೀಪಾಯಿಗಳಲ್ಲಿ ಗ್ರಾಹಕರ ಮನೆಗೇ ಬರುತ್ತಿತ್ತು. ಕಂಪನಿಯ ಆಳು ಬಂದು ಹುದುಗಲು ಹಚ್ಚಿಟ್ಟು ಹೋಗುತ್ತಿದ್ದ, ಹದಕ್ಕೆ ಬಂದ ಮೇಲೆ ಮತ್ತೆ ಬಂದು ಬಾಟಲಿಗೆ ತುಂಬಿಕೊಡುತ್ತಿದ್ದ. ಅದಕ್ಕೂ ಮುನ್ನ ಸರ್ಕಾರದ ಪರವಾಗಿ ಪಾನನಿರೋಧದ ಮೊಕದ್ದಮೆಗಳನ್ನು ನಡೆಸಿದ್ದ ಮೇಬಲ್ ವಿಲ್‌ಬ್ರಾಂಟ್ ಅವರೇ ಆ ಕಂಪನಿಗೆ ವಕೀಲೆಯಾದರು. ವೆಲ್ಚ್ ಹಾಕಿದ ಬೀಗದ ಕೀಲಿ ಸುಮಾರು ಅರವತ್ತು ವರ್ಷದಲ್ಲಿ ಮನೆಬಾಗಿಲಿಗೇ ಬಂದಿತ್ತು.

ಇವತ್ತು ಆ ಕೀಲಿ ಇರುವುದು ಲೇಬಲ್ಲಿನ ಸಣ್ಣ ಅಕ್ಷರದಲ್ಲಿ. ಪಾಶ್ಚರೀಕರಿಸಿದ ರಸವಾದರೆ ಯಾವ ಅಡ್ಡಿಯೂ ಇಲ್ಲ. ಕಾಯಿಸಿದಾಗ ಹಳೆಯ ಯೀಸ್ಟ್ ಸತ್ತಿದೆ, ಹೊಸದು ಹಾಕಿದರಾಯಿತು. ಹಾಲು ಕಾಯಿಸಿ ಆರಿಸಿ ಹೆಪ್ಪು ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೊಡಕು ಬರುವುದು ಸಂರಕ್ಷಕಗಳಿಂದ. ಐಎನ್‌ಎಸ್ 202 ಎಂದಿದ್ದರೆ ಪೊಟ್ಯಾಸಿಯಂ ಸಾರ್ಬೇಟ್, 211 ಎಂದಿದ್ದರೆ ಸೋಡಿಯಂ ಬೆಂಜೋಯೇಟ್. ಸಾರ್ಬೇಟ್ ಇರುವ ರಸದಲ್ಲಿ ಯೀಸ್ಟ್ ಬದುಕಿದ್ದರೂ ಮರಿ ಹಾಕುವುದಿಲ್ಲ, ವಾರಗಟ್ಟಲೆ ಕಾದರೂ ಜಾಡಿ ಮಿಸುಕುವುದಿಲ್ಲ. ಬರೀ ಸೇಬಿನ ರಸ, ಹೆಚ್ಚೆಂದರೆ ವಿಟಮಿನ್ ಸಿ ಎಂದಷ್ಟೇ ಬರೆದಿರುವ ಡಬ್ಬಿಯೇ ಸರಿ. ‘ಫ್ರೂಟ್ ಡ್ರಿಂಕ್’ ಎಂಬ ಹೆಸರಿನಲ್ಲಿ ಬರುವ ಸಕ್ಕರೆ ನೀರನ್ನು ಯಾರೂ ಈ ಕೆಲಸಕ್ಕೆ ಮುಟ್ಟಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಣ್ಣಿನ ಹುಳಿಯಾಗಲಿ ಯೀಸ್ಟಿಗೆ ಬೇಕಾದ ಪೋಷಣೆಯಾಗಲಿ ಅದರಲ್ಲಿ ಸಾಕಷ್ಟಿರುವುದಿಲ್ಲ.

ಮನೆಬಳಕೆಯ ವೈನ್‌ಗೆ ಪರವಾನಗಿ ಬೇಡದ ಇಂಗ್ಲೆಂಡಿನಲ್ಲಿ ಅಡುಗೆಮನೆಯ ಮೂಲೆಯಲ್ಲಿ ನಾಲ್ಕೂವರೆ ಲೀಟರಿನ ಗಾಜಿನ ಜಾಡಿ ಕಾಣುವುದು ಅಪರೂಪವೇನಲ್ಲ. ಕುತ್ತಿಗೆಯವರೆಗೆ ತುಂಬದೆ, ನೊರೆಗೆಂದು ಒಂದಿಷ್ಟು ಜಾಗ ಬಿಟ್ಟು ರಸ ಸುರಿದು, ಸೈಡರ್ ಯೀಸ್ಟಿನ ಒಂದು ಚಿಕ್ಕ ಪೊಟ್ಟಣ ಉದುರಿಸುತ್ತಾರೆ. ಬಿರಡೆಗೆ ಸಿಕ್ಕಿಸಿದ, ನೀರು ತುಂಬಿದ ಬಾಗುಗೊಳವೆ ಒಳಗಿನ ಅನಿಲವನ್ನು ಹೊರಬಿಡುತ್ತದೆ, ಹೊರಗಿನ ಗಾಳಿಯನ್ನು ಒಳಬಿಡುವುದಿಲ್ಲ. ಮೊದಲ ದಿನ ಏನೂ ಇಲ್ಲ. ಆಮೇಲೆ ಹೊನ್ನಿನ ಬಣ್ಣದ ತಿಳಿರಸ ಮಸುಕಾಗುತ್ತದೆ, ಜಾಡಿಯ ಅಂಚಿಗೆ ಕಂದು ನೊರೆ ಹತ್ತುತ್ತದೆ, ಗೊಳವೆಯ ನೀರು ಕ್ಷಣಕ್ಕೊಮ್ಮೆ ಗುಳುಕ್ ಎನ್ನುತ್ತದೆ. ಕೆಲವೊಮ್ಮೆ ಕೊಳೆತ ಮೊಟ್ಟೆಯಂಥ ವಾಸನೆಯೂ ಬರುತ್ತದೆ. ಪೋಷಣೆ ಸಾಲದಾದಾಗ ಯೀಸ್ಟ್ ಬಿಡುವ ಗಂಧಕದ ವಾಸನೆ ಅದು, ಸಾಮಾನ್ಯವಾಗಿ ತಾನಾಗಿಯೇ ಹೋಗುತ್ತದೆ. ಎರಡು ಮೂರು ವಾರ ಕಳೆಯುವಾಗ ಗುಳುಕು ನಿಂತು, ತಳದಲ್ಲಿ ಬೂದುಬಿಳಿ ಗಷ್ಟು ಕೂತು, ಮೇಲಿನದು ಮೆಲ್ಲನೆ ತಿಳಿಯಾಗುತ್ತದೆ.

ಲೆಕ್ಕ ಸರಳ. ಸೇಬಿನ ರಸದ ಒಂದು ಲೀಟರಿನಲ್ಲಿ ಸುಮಾರು 100 ಗ್ರಾಂ ಸಕ್ಕರೆ ಇರುತ್ತದೆ. ಪ್ರತಿ 17 ಗ್ರಾಂ ಸಕ್ಕರೆಗೆ ಹೆಚ್ಚುಕಡಿಮೆ ಶೇ 1ರಷ್ಟು ಆಲ್ಕೋಹಾಲ್ ಎಂದರೆ ಸೈಡರಿನ ಬಲ ಶೇ 5ರಿಂದ 6. ದ್ರಾಕ್ಷಿ ರಸದಲ್ಲಿ ಸಕ್ಕರೆ ಇನ್ನೂ ಹೆಚ್ಚು, ಬಲವೂ ಹೆಚ್ಚು. ಆದರೆ ಡಬ್ಬಿಯ ದ್ರಾಕ್ಷಿ ರಸದಿಂದ ತೋಟದ ವೈನ್ ಬಯಸುವುದು ನ್ಯಾಯವಲ್ಲ. ಕೆಂಪು ವೈನಿನ ಬಣ್ಣವೂ ಒಗರೂ ಬರುವುದು ಸಿಪ್ಪೆ ಮತ್ತು ಬೀಜದೊಡನೆ ದಿನಗಟ್ಟಲೆ ನೆನೆದು ಹುದುಗಿದಾಗ. ಸೇಬು ಹಾಗಲ್ಲ, ಡಬ್ಬಿಯ ರಸದಿಂದಲೂ ಮರ್ಯಾದಸ್ಥ ಸೈಡರ್ ಆಗುತ್ತದೆ. ಒಗರು ಸಾಲದೆನಿಸಿದರೆ ಒಂದು ಲೋಟ ಕಡು ಚಹಾ ಡಿಕಾಕ್ಷನ್ ಬೆರೆಸುವುದು ಹಳೆಯ ರೂಢಿ.

ಜೀವಕ್ಕೆ ಅಪಾಯ ಇರುವುದು ಅನಿಲದಲ್ಲಿ. ಆ 100 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ ಹೊರಡುವ ಇಂಗಾಲದ ಡೈಆಕ್ಸೈಡ್ ಸುಮಾರು 25 ಲೀಟರ್. ಅರ್ಧ ಹುದುಗಿದ ರಸವನ್ನು ಗಾಜಿನ ಬಾಟಲಿಗೆ ತುಂಬಿ ಬಿಗಿದರೆ ಅದು ಸಿಡಿಯುತ್ತದೆ, ಚೂರುಗಳು ಕಣ್ಣಿಗೆ ನುಗ್ಗುತ್ತವೆ. ಗುಳುಕು ನಿಂತಿತೆಂದು ನಂಬಬಾರದು. ರಸದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಬಿಟ್ಟು ನೋಡಬೇಕು. ಆರಂಭದಲ್ಲಿ 1.045ರ ಆಸುಪಾಸು ಇದ್ದದ್ದು 1.000 ಅಥವಾ ಅದಕ್ಕೂ ಕೆಳಗೆ ಬಂದು, ಕೆಲವು ದಿನ ಬಿಟ್ಟು ನೋಡಿದರೂ ಅಲ್ಲೇ ನಿಂತಿರಬೇಕು. ಈ ಒಂದು ಉಪಕರಣ ಕೊಳ್ಳಲು ಹಿಂದೆಮುಂದೆ ನೋಡುವವರು ಈ ಕೆಲಸಕ್ಕೆ ಕೈಹಾಕದಿರುವುದೇ ಒಳ್ಳೆಯದು.

ನಮ್ಮಲ್ಲಿ ಮನೆಯ ಮದ್ಯ ಎಂದೊಡನೆ ಜನ ಬೆಚ್ಚುವುದಕ್ಕೆ ಕಾರಣವಿದೆ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಮಂದಿ ಸತ್ತರು. ಕೊಂದದ್ದು ಸಾರಾಯಿಗೆ ಸೇರಿದ್ದ ಮೀಥೈಲ್ ಆಲ್ಕೋಹಾಲ್. ಹಣ್ಣಿನ ರಸ ಹುದುಗುವಾಗ ಪೆಕ್ಟಿನ್‌ನಿಂದ ಅದು ಬರುವುದು ಅತಿ ಅಲ್ಪ. ಹುದುಗಿಸುವುದು ಬೇರೆ, ಭಟ್ಟಿ ಇಳಿಸುವುದು ಬೇರೆ. ಇಂಗ್ಲೆಂಡಿನ ಕಾನೂನು ಈ ಗೆರೆಯನ್ನು ಸ್ಪಷ್ಟವಾಗಿ ಎಳೆದಿದೆ: ಸ್ವಂತಕ್ಕೆ ವೈನ್ ಹುದುಗಿಸಲು ತಡೆಯಿಲ್ಲ, ಪರವಾನಗಿ ಇಲ್ಲದೆ ಭಟ್ಟಿ ಇಳಿಸುವುದು ಅಪರಾಧ. ಅಮೆರಿಕದ ಕೇಂದ್ರ ಕಾನೂನು ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್ ವೈನ್ ಮಾಡಿಕೊಳ್ಳಲು ಬಿಟ್ಟಿದೆ, ಭಟ್ಟಿಗೆ ಬಿಟ್ಟಿಲ್ಲ.

ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಯಾವ ಮದ್ಯವನ್ನೂ ತಯಾರಿಸುವಂತಿಲ್ಲ. ಮಡಿಕೇರಿಯ ರಸ್ತೆಬದಿಯಲ್ಲಿ ‘ಹೋಮ್ ಮೇಡ್ ವೈನ್’ ಎಂಬ ಫಲಕಗಳನ್ನು ಓದಿದವರಿಗೆ ಕಾಯ್ದೆಗೂ ರೂಢಿಗೂ ಇರುವ ದೂರ ಗೊತ್ತು. ದ್ರಾಕ್ಷಿ ಬೆಳೆಗಾರರಿಗೆಂದು 2007ರಲ್ಲೇ ಪ್ರತ್ಯೇಕ ವೈನ್ ನೀತಿ ತಂದ ರಾಜ್ಯ ನಮ್ಮದು. ಸ್ವಂತ ಬಳಕೆಗೆ ಇಂತಿಷ್ಟೇ ಲೀಟರ್, ಮಾರಾಟವಿಲ್ಲ, ಭಟ್ಟಿ ಇಲ್ಲ ಎಂಬ ಮಿತಿಯೊಳಗೆ ಹುದುಗಿಸಲು ಅನುಮತಿ ಕೊಡುವ ಬಗ್ಗೆ ಅದು ಯೋಚಿಸಲಿ ಎಂಬುದು ನನ್ನ ಒತ್ತಾಯ. ಅಲ್ಲಿಯವರೆಗೆ ಇಲ್ಲಿನ ಓದುಗರು ರಸವನ್ನು ರಸವಾಗಿಯೇ ಕುಡಿಯಬೇಕು. ಕಾನೂನು ಬಿಟ್ಟಿರುವ ಊರುಗಳಲ್ಲಿ ನೆಲೆಸಿರುವ ಕನ್ನಡಿಗರು ಜಾಡಿ ಕೊಳ್ಳುವ ಮೊದಲು ಲೇಬಲ್ ಓದಲಿ, ಹೈಡ್ರೋಮೀಟರ್ ತರಲಿ.