ಕಾಣದವರ ಕೈಕೆಲಸ

ಒಬ್ಬರ ಮುಖವನ್ನೊಬ್ಬರು ಎಂದೂ ಕಾಣದವರ ನಡುವೆ ಋಣವೆಂಬದು ಇರಬಹುದೋ? ಊರಿನ ಬಡಗಿಯು ಮಾಡಿದ ನೇಗಿಲು ಬೇಗ ಮುರಿದರೆ ನಾವು ಅವನ ಬಾಗಿಲಿಗೆ ಹೋಗಿ ಕೇಳುತ್ತೇವೆ. ಕೊಡತಕ್ಕದ್ದನ್ನು ಕೊಡದೆ ಹೋದರೆ ಅವನೂ ನಮ್ಮ ಬಾಗಿಲಿಗೆ ಬರುತ್ತಾನೆ. ಆದರೆ ಮಾಡಿದವನಿಗೂ ಬಳಸುವವನಿಗೂ ನಡುವೆ ಸಮುದ್ರಗಳೇ ಇದ್ದರೆ ಹೇಗೆ? ಇದನ್ನು ಯೋಚಿಸುವದಕ್ಕೆ ಹಾಲಂಡ್ ದೇಶದ ನದೀದೋಣಿಗಳ ಸಂಗತಿಯು ಸಹಾಯವಾಗುವದು.

ಯುರೋಪಿನ ರೈನ್ ನದಿಯಲ್ಲಿ ಧಾನ್ಯ, ಎಣ್ಣೆ, ಕಲ್ಲಿದ್ದಲು ಮೊದಲಾದ ಸರಕನ್ನು ಸಾಗಿಸುವ ಬಾರ್ಜುಗಳೆಂಬ ಉಕ್ಕಿನ ದೋಣಿಗಳುಂಟು. ಅವುಗಳ ದೊಡ್ಡ ಜಾತಿಯೊಂದರ ಉದ್ದ 110 ಮೀಟರು, ಅಗಲ 11.45 ಮೀಟರು. ಒಡೆಯನು ಹೆಂಡತಿಮಕ್ಕಳೊಂದಿಗೆ ದೋಣಿಯಲ್ಲೇ ಸಂಸಾರ ಮಾಡುವದೂ ಉಂಟು. ಇಂಥ ದೋಣಿಗಳಲ್ಲಿ ಎಷ್ಟೋ ಈ ಶತಮಾನದಲ್ಲಿ ಚೀನಾ ದೇಶದಲ್ಲಿ ಬರೀ ಒಡಲಾಗಿ ಕಟ್ಟಲ್ಪಟ್ಟು ಹಾಲಂಡಿಗೆ ಬಂದಿವೆ. ಯಾಕಂದರೆ ಒಡಲಿಗೆ ಬೆಸುಗೆಯವರ ಬಹು ದಿನಗಳ ದುಡಿಮೆ ಬೇಕು. ಅಲ್ಲಿ ಕೂಲಿ ಕಡಿಮೆ. ಯಂತ್ರ, ಚುಕ್ಕಾಣಿಯ ಕೋಣೆ, ವಾಸದ ಮನೆ ಇವುಗಳನ್ನು ಹಾಲಂಡಿನಲ್ಲಿ ಕೂಡಿಸುತ್ತಾರೆ.

ನದಿಗಾಗಿ ಮಾಡಿದ ಒಡಲು ಮಹಾಸಾಗರವನ್ನು ತಾನೇ ದಾಟಲಾರದು. ಅದು ಉದ್ದವಾಗಿಯೂ ತಗ್ಗಾಗಿಯೂ ಇರುವದರಿಂದ ದೊಡ್ಡ ಅಲೆಯು ನಡುವನ್ನು ಎತ್ತಿದರೆ ಎರಡು ತುದಿಗಳೂ ಜೋತು, ಬಗ್ಗಿ ಮುರಿಯುವ ಭಯವಿದೆ. ಆದಕಾರಣ ಹಲವು ಒಡಲುಗಳನ್ನು ಒಂದು ಮಹಾ ಹಡಗು ಹೊತ್ತು ತರುತ್ತದೆ. ಇಂಥ ಹಡಗುಗಳಲ್ಲಿ ಕೆಲವು ತಮ್ಮ ತೊಟ್ಟಿಗಳಿಗೆ ನೀರು ತುಂಬಿಸಿಕೊಂಡು ಅಟ್ಟವನ್ನು ನೀರಿನೊಳಗೆ ಮುಳುಗಿಸುತ್ತವೆ. ಒಡಲುಗಳು ಅದರ ಮೇಲೆ ತೇಲಿ ಬಂದ ಮೇಲೆ ನೀರನ್ನು ಹೊರಹಾಕಿ ಅವುಗಳನ್ನು ಎತ್ತಿಕೊಂಡು ಏಳುತ್ತವೆ. ಶಾಂಘಾಯಿಯಿಂದ ರಾಟರ್ಡ್ಯಾಮಿಗೆ, 1869ರಲ್ಲಿ ತೆರೆದ ಸುವೇಜ್ ಕಾಲುವೆಯ ಮಾರ್ಗವಾಗಿ, ಸುಮಾರು 19,000 ಕಿಲೋಮೀಟರು; ಆಫ್ರಿಕ ಖಂಡವನ್ನು ಸುತ್ತಿ ಬಂದರೆ ಇನ್ನೂ ಹೆಚ್ಚು.

ಈಗ ಯೋಚಿಸಿರಿ. ಬೆಸುಗೆಗಳನ್ನು ಪರೀಕ್ಷಿಸುವವರು ಇದ್ದಾರೆ, ನಿಜ. ಆದರೂ ಬಣ್ಣ ಬಳಿದು ಹಲಗೆ ಹೊದಿಸಿದ ಮೇಲೆ ಒಳಗಿನ ಎಷ್ಟೋ ಬೆಸುಗೆಗಳು ದೋಣಿಯ ಒಡೆಯನ ಕಣ್ಣಿಗೆ ಬೀಳಲಾರವು. ರಾತ್ರಿ ಅವನ ಮಕ್ಕಳು ಮಲಗುವದು ತಾನು ನೋಡದ ಒಬ್ಬ ಕೆಲಸಗಾರನ ಪ್ರಾಮಾಣಿಕತೆಯ ಮೇಲೆ. ಹೊಗಳುವವರೂ ಗದರಿಸುವವರೂ ಇಲ್ಲದಾಗ ಬೆಸುಗೆಯನ್ನು ಚೆನ್ನಾಗಿ ಮುಗಿಸಿದವನು ಆ ಮಕ್ಕಳನ್ನು ಅರಿಯದೆಯೇ ಕಾಪಾಡಿದನು.

ಹಾಗಾದರೆ ಒಡೆಯನ ಕಡೆಯ ಋಣವೇನು? ಒಪ್ಪಂದದಂತೆ ಹಣ ಕೊಟ್ಟಾಯಿತು, ಲೆಕ್ಕ ತೀರಿತು ಎಂದು ಕೆಲವರು ಹೇಳುವರು. ಕೂಲಿ ಕಡಿಮೆಯಾದ ದೇಶಕ್ಕೆ ಕೆಲಸ ಕೊಡುವದೇ ತಪ್ಪೆಂದು ನಾವು ಹೇಳುವದಿಲ್ಲ. ಅದರಿಂದ ಅಲ್ಲಿಯೂ ಮನೆಗಳಲ್ಲಿ ಒಲೆ ಉರಿಯುವದು. ಆದರೆ ಕೊಟ್ಟ ಹಣವು ಕಾರ್ಖಾನೆಯ ಯಜಮಾನನ ಕೈ ಸೇರುತ್ತದೆ. ಬೆಸುಗೆಯವನಿಗೆ ಅದರಲ್ಲಿ ಎಷ್ಟು ಸಿಕ್ಕಿತೆಂದು ಒಪ್ಪಂದವು ತಿಳಿಸದು. ಒಡಲಿನ ಇಕ್ಕಟ್ಟಾದ ಕೋಣೆಗಳಲ್ಲಿ ಬೆಸೆಯುವವನ ಕಣ್ಣಿಗೆ ಮರೆಯೂ ಉಸಿರಿಗೆ ಒಳ್ಳೆಯ ಗಾಳಿಯೂ ಬೇಕು. ಇವುಗಳನ್ನು ತಪ್ಪಿಸಿ ಉಳಿಸಿದ ಹಣವು ಉಳಿತಾಯವಲ್ಲ, ಇನ್ನೊಬ್ಬನು ತನ್ನ ದೇಹದಿಂದ ತೆತ್ತ ಬೆಲೆ. ಕೊಳ್ಳುವವನು ಉಕ್ಕಿನ ದಪ್ಪವನ್ನು ವಿಚಾರಿಸಬಲ್ಲನಾದರೆ ಇದನ್ನೂ ವಿಚಾರಿಸಬಲ್ಲನು. ದೂರವು ಅವನ ಕಣ್ಣಿಗೆ ಅಡ್ಡಿಯಾಗಬಹುದು, ಬಾಯಿಗೆ ಅಡ್ಡಿಯಲ್ಲ.

ಇದು ಹಡಗಿನವರ ಮಾತು, ನಮಗೇನು ಎನ್ನಬೇಡಿರಿ. ನಾವು ಉಡುವ ಬಟ್ಟೆಯೂ ಹಚ್ಚುವ ದೀಪವೂ ಕಾಣದವರ ಕೈಯಿಂದ ಬಂದವು. ನಾವು ಸಂತೆಗೆ ಕಳುಹಿಸುವ ಅಕ್ಕಿಯೂ ಕಾಣದವರ ಎಲೆಗೆ ಹೋಗುವದು. ಆದಕಾರಣ ಅಕ್ಕಿಯಲ್ಲಿ ಕಲ್ಲು ಬೆರಸದಿರೋಣ. ಅಗ್ಗವಾದದ್ದನ್ನು ಕೊಳ್ಳುವಾಗ ಅದು ಯಾಕೆ ಅಗ್ಗವಾಯಿತೆಂದು ಕೇಳೋಣ.