ದೇವರು ವಾದಿ

ತಾಲ್ಲೂಕು ಕೋರ್ಟಿನ ವಕೀಲರಿಗೆ ದೇವರು ಕಕ್ಷಿದಾರನಾಗಿ ಬರುವುದು ಹೊಸತಲ್ಲ. ದಾವಾಪತ್ರದಲ್ಲಿ ವಾದಿ ಶ್ರೀ ಆಂಜನೇಯಸ್ವಾಮಿ, ಕೆಳಗೆ ‘ಪರವಾಗಿ ಅರ್ಚಕರು’. ಪಹಣಿಯಲ್ಲಿ ಜಮೀನೂ ಸ್ವಾಮಿಯ ಹೆಸರಿನಲ್ಲೇ. ಇದಕ್ಕೆಲ್ಲ ಆಧಾರ ‘ಪರ್ಸನ್’ ಎಂಬ ಇಂಗ್ಲಿಷ್ ಪದ. ಕಾನೂನಿನ ಕಣ್ಣಿಗೆ ದೇವರೂ ಒಬ್ಬ ಪರ್ಸನ್, ಅದೂ ಎಂದೂ ವಯಸ್ಸಿಗೆ ಬರದ ಮೈನರ್.

ಈ ಪದದ ಜಾತಕವೇ ವಿಚಿತ್ರ. ಮೂಲದ ಲ್ಯಾಟಿನ್‌ನಲ್ಲಿ ಅದು ನಾಟಕದ ಮುಖವಾಡ. ಒಬ್ಬನೇ ದೇವರು ಮೂವರಾಗಿರುವುದನ್ನು ಹೇಳಲು ಕ್ರೈಸ್ತರು ಅದನ್ನೇ ಎತ್ತಿಕೊಂಡರು. ತತ್ತ್ವಜ್ಞಾನಿ ಬೊಯೀಥಿಯಸ್ ಅದಕ್ಕೆ ವಿವೇಚನೆಯನ್ನು ಗಂಟುಹಾಕಿದ. ಮುಂದೆ ಇನ್ನೊಬ್ಬ ತತ್ತ್ವಜ್ಞಾನಿ ಜಾನ್ ಲಾಕ್, ಹಿಂದೆ ಮಾಡಿದ್ದು ತಾನೇ ಎಂಬ ಅರಿವು ಎಲ್ಲಿಯವರೆಗೆ ಚಾಚುತ್ತದೋ ಅಲ್ಲಿಯವರೆಗೆ ಅದೇ ಪರ್ಸನ್ ಎಂದ.

ತರ್ಕಕ್ಕೇನೋ ಚೆಂದ. ಆದರೆ ನಮ್ಮ ಅತ್ತೆಗೆ ಮರೆವಿನ ಕಾಯಿಲೆ. ಹೆತ್ತ ಮಗಳನ್ನೇ ‘ನೀವು ಯಾರ ಪೈಕಿ?’ ಎಂದು ಕೇಳುತ್ತಾರೆ. ಉತ್ತರ ಸಿಕ್ಕಿದ ಮೇಲೆ ಉಪಚಾರಕ್ಕೆ ‘ಕಾಫಿ ಆಯ್ತಾ?’ ಎನ್ನುತ್ತಾರೆ. ಲಾಕ್‌ನ ಲೆಕ್ಕದಲ್ಲಿ ಅವರನ್ನು ಎಲ್ಲಿ ಹಾಕುವುದು? ನನಗೆ ಕಾನೂನಿನ ಪರ್ಸನ್ನೇ ಮೇಲು ಅನ್ನಿಸುವುದು ಇಲ್ಲಿ. ನಿನ್ನನ್ನು ನೀನು ಬಲ್ಲೆಯಾ ಎಂದು ಅದು ಕೇಳುವುದಿಲ್ಲ, ನಿನ್ನ ಪರವಾಗಿ ಯಾರು ಬಂದಿದ್ದಾರೆ ಎಂದು ಕೇಳುತ್ತದೆ.

ಹಾಗೆಂದು ಕಾನೂನನ್ನು ಪೂರ್ತಿ ನಂಬುವ ಹಾಗಿಲ್ಲ. ರೋಮನ್ನರ ಕಾನೂನಿಗೆ ಗುಲಾಮ ಬರೀ ಸ್ವತ್ತು. ಇಂದಿನ ಕಾನೂನಿಗೆ ಸಿಮೆಂಟ್ ಕಂಪನಿಯೂ ಪರ್ಸನ್. 2017ರಲ್ಲಿ ಉತ್ತರಾಖಂಡದ ಹೈಕೋರ್ಟು ಗಂಗೆ, ಯಮುನೆಯರಿಗೂ ಆ ಪಟ್ಟ ಕಟ್ಟಿತು. ಪ್ರವಾಹ ಬಂದರೆ ನದಿಯ ಪರವಾಗಿ ಪರಿಹಾರ ಯಾರು ಕೊಡಬೇಕು ಎಂದು ಸರ್ಕಾರ ಗಾಬರಿಯಾಯಿತು. ಅದೇ ವರ್ಷ ಸುಪ್ರೀಂ ಕೋರ್ಟು ತಡೆ ನೀಡಿತು.

ಕಲ್ಕತ್ತೆಯ ಮಲ್ಲಿಕ್ ಮನೆತನದ ವ್ಯಾಜ್ಯ ನನಗೆ ಅಚ್ಚುಮೆಚ್ಚು. ತನ್ನ ಪಾಳಿಯಲ್ಲಿ ಕುಲದೇವರನ್ನು ಸ್ವಂತ ಮನೆಗೆ ಒಯ್ಯುವ ಹಕ್ಕು ತನಗಿದೆ ಎಂದು ಒಬ್ಬ ಪಾಲುದಾರ ವಾದಿಸಿದ. ಮೂರ್ತಿ ಎತ್ತಿ ಸಾಗಿಸುವ ಸಾಮಾನಲ್ಲ, ಎಲ್ಲಿರಬೇಕೆಂಬುದರಲ್ಲಿ ಅದರ ಇಚ್ಛೆಯನ್ನೂ ಕೇಳಬೇಕು ಎಂದು ಲಂಡನ್ನಿನ ಪ್ರಿವಿ ಕೌನ್ಸಿಲ್ 1925ರಲ್ಲಿ ಹೇಳಿತು. ಆ ಇಚ್ಛೆಯನ್ನು ತಿಳಿಸಲು ಸ್ವಹಿತವಿಲ್ಲದ ಒಬ್ಬರನ್ನು ನೇಮಿಸಬೇಕು ಎಂದೂ ಹೇಳಿತು.

ತೊಡಕಿರುವುದು ಅಲ್ಲೇ. ಅರ್ಚಕರೇ ದೇವರ ಗದ್ದೆ ಒತ್ತುವರಿ ಮಾಡಿದ ಕೇಸುಗಳನ್ನು ನಡೆಸಿದ್ದೇನೆ. ದೇವರಿಂದ ಏನೂ ಬೇಡದವನನ್ನು ಊರಲ್ಲಿ ಹುಡುಕುವುದು ಸುಲಭವಲ್ಲ. ಅತ್ತೆಯ ಹೆಸರಿನಲ್ಲೂ ಎರಡೆಕರೆ ಅಡಿಕೆ ತೋಟವಿದೆ. ಅವರ ಪರವಾಗಿ ನಿಲ್ಲಲು ಅಂಥವರು ಬೇಕೆಂದರೆ, ಅಳಿಯನಾದ ನಾನಂತೂ ಆ ಪಟ್ಟಿಯಲ್ಲಿಲ್ಲ.